ರೇಟ್ ಪಟ್ಟಿ, ರದ್ದಿ ಚೀಲ ಮತ್ತು ನಿಮ್ಮ ಫೋನ್‌ನೊಳಗಿನ ಬೀಗಗಳು

ರಾಯಚೂರಿನಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಸಹಿಸ್ಕೊಳ್ಳಿ, ಈ ಊರಿನ ಬಿಸಿಲಲ್ಲಿ ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡೋದು ನನ್ನ ಕೈಲಾಗದ ಕೆಲಸ.

ಶುರು ಮಾಡೋಕೆ ಮುಂಚೆ ನಿಮ್ಮದೊಂದು ಕೆಲಸ ಇದೆ. ಫೋನ್‌ನ ಸೆಟ್ಟಿಂಗ್ಸ್‌ಗೆ ಹೋಗಿ, 'ಅಬೌಟ್ ಫೋನ್' ಅಂತ ಇರುತ್ತೆ, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಒತ್ತಿ. ಅಲ್ಲಿ ಎರಡು ಸಾಲು ನೋಡಿ. ಒಂದು, ಸೆಕ್ಯೂರಿಟಿ ಅಪ್‌ಡೇಟ್ ಅಂತ ಒಂದು ತಾರೀಖು. ಇನ್ನೊಂದು, ಕರ್ನಲ್ ವರ್ಷನ್ ಅಂತ ಒಂದಿಷ್ಟು ಅಂಕಿ, ಅಕ್ಷರ. ಆ ತಾರೀಖು ನೆನಪಿಟ್ಕೊಳ್ಳಿ. ಕೊನೆಗೆ ಬೇಕಾಗುತ್ತೆ.

ನಾನು ಬಿ.ಕಾಂ. ಓದಿದವನು. ಕಂಪ್ಯೂಟರ್ ಸೈನ್ಸ್ ಅಲ್ಲ. ಈ ಎಪಿಸೋಡ್ ಹುಟ್ಟಿದ್ದು ಮಾನ್ವಿಯಲ್ಲಿರೋ ನಮ್ಮ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾ ಪಕ್ಕದಲ್ಲಿ. 2024ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನ್‌ಗಳಲ್ಲಿ ಒಂದು ದೋಷ ಸಿಕ್ಕಿದೆ, ಅದನ್ನ ಬಳಸಿ ಕೆಲವರ ಮೇಲೆ ಗುರಿಯಿಟ್ಟು ದಾಳಿ ಆಗಿರಬಹುದು ಅಂತ ಗೂಗಲ್ ಹೇಳಿದ ಸುದ್ದಿ ಬಂತು. ನಾನು ಅಪ್ಪನ ಫೋನ್ ತೆಗೆದು ತಾರೀಖು ನೋಡಿದೆ. 2022. ಅಪ್ಪ ಕೇಳಿದ್ರು, "ಯಾಕ ತಮ್ಮಾ, ಏನ್ ಹಾಳಾಗ್ಯಾದ ಅದ್ರಾಗ? ಚೊಲೋ ನಡೀಲಿಕತ್ತದಲ್ಲ."

ಏನ್ ಹಾಳಾಗಿದೆ ಅಂತ ಹೇಳೋಕೆ ನನಗೆ ಬರಲಿಲ್ಲ. ಆ ಉತ್ತರ ಹುಡುಕ್ತಾ ಹೋದ್ರೆ ಇಪ್ಪತ್ತೆಂಟು ವರ್ಷದ ಕಥೆ ಸಿಕ್ತು. ಅದರ ಒಂದು ಮುಖ್ಯ ತಿರುವು ನಡೆದಿದ್ದು ನಮ್ಮ ಬೆಂಗಳೂರಲ್ಲಿ.

ಮೊದಲು ಕರ್ನಲ್ ಅಂದ್ರೇನು ಅಂತ ಎರಡೇ ಮಾತಲ್ಲಿ ಹೇಳ್ತೀನಿ. ನೀವು ಕಳಿಸೋ ಪ್ರತಿ ವಾಟ್ಸಾಪ್ ಮೆಸೇಜ್, ಪ್ರತಿ ಯುಪಿಐ ಪಾವತಿ, ಈಗ ಕೇಳ್ತಿರೋ ನನ್ನ ಧ್ವನಿ ಎಲ್ಲವೂ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಓಡಾಡುತ್ತೆ. ಯಾವ ಪ್ಯಾಕೆಟ್ ಯಾವ ಆಪ್‌ಗೆ, ಯಾವ ದಾರಿಯಲ್ಲಿ ಅಂತ ನಿರ್ಧರಿಸೋದು ಕರ್ನಲ್. ಆಂಡ್ರಾಯ್ಡ್‌ನೊಳಗೆ ಇರೋದು ಲಿನಕ್ಸ್ ಕರ್ನಲ್. ಫೋನ್‌ನಲ್ಲಿ ಎಂಟು ಕೋರ್ ಅಂತ ಡಬ್ಬಿ ಮೇಲೆ ಬರೆದಿರ್ತಾರಲ್ಲ, ಅಂದ್ರೆ ಒಂದೇ ಸಲ ಎಂಟು ಜನ ಈ ಕೆಲಸಕ್ಕೆ ಕೈ ಹಾಕಬಹುದು. ತೊಂದರೆ ಶುರುವಾಗೋದೇ ಅಲ್ಲಿ.

ಅಂಗಡಿ ಲೆಕ್ಕದಲ್ಲಿ ಹೇಳ್ತೀನಿ. ಒಬ್ಬ ಗಿರಾಕಿಯ ಉದ್ರಿ ಖಾತೆಯಲ್ಲಿ ಬಾಕಿ 1,200 ರೂಪಾಯಿ. ಅವರ ಮಗ ಬಂದು 300 ರೂಪಾಯಿ ಸಾಮಾನು ಒಯ್ದ. ನಾನು 1,200 ಅಂತ ಓದಿಕೊಂಡು, ಮನಸ್ಸಲ್ಲೇ 1,500 ಅಂತ ಲೆಕ್ಕ ಹಾಕಿದೆ. ಅದೇ ಹೊತ್ತಿಗೆ ಅಪ್ಪನೂ 1,200 ಅಂತ ಓದಿಕೊಂಡ್ರು, ಗಿರಾಕಿ 500 ಕೊಟ್ಟ, 700 ಅಂದ್ಕೊಂಡ್ರು. ನಾನು 1,500 ಬರೆದೆ, ಅದನ್ನ ಹೊಡೆದು ಅಪ್ಪ 700 ಬರೆದ್ರು. ನಿಜವಾಗಿ ಇರಬೇಕಾದ್ದು 1,000. ಯಾರೂ ಕದ್ದಿಲ್ಲ, ಯಾರ ಲೆಕ್ಕವೂ ತಪ್ಪಿಲ್ಲ, ಆದ್ರೂ 300 ರೂಪಾಯಿ ಮಾಯ. ಕಂಪ್ಯೂಟರ್‌ನವರು ಇದಕ್ಕೆ ರೇಸ್ ಕಂಡೀಷನ್ ಅಂತಾರೆ. ಪರಿಹಾರ ಗೊತ್ತೇ ಇದೆ: ಒಬ್ಬರು ಖಾತೆ ಪುಸ್ತಕ ಹಿಡಿದಾಗ ಇನ್ನೊಬ್ಬರು ಮುಟ್ಟಬಾರದು. ಅದೇ ಲಾಕ್, ಅಂದ್ರೆ ಬೀಗ.

1996ರ ಜೂನ್‌ನಲ್ಲಿ ಲಿನಕ್ಸ್ 2.0 ಬಂತು. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರೋ ಯಂತ್ರದಲ್ಲಿ ಓಡೋ ಶಕ್ತಿ ಅದಕ್ಕೆ ಆಗಲೇ ಸಿಕ್ಕಿದ್ದು. ಅದಕ್ಕೆ ದುಡಿದವರಲ್ಲಿ ಅಲನ್ ಕಾಕ್ಸ್ ಮುಖ್ಯ. ಆಗ ಅವರು ಹಿಡಿದ ದಾರಿ ತೀರಾ ಸರಳ: ಇಡೀ ಕರ್ನಲ್‌ಗೆ ಒಂದೇ ಬೀಗ. ಹೆಸರೂ ಹಾಗೇ ಇದೆ, ಬಿಗ್ ಕರ್ನಲ್ ಲಾಕ್. ರಾಯಚೂರಿನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ, ಯಾಕಂದ್ರೆ ನಮ್ಮೂರು ಹಳಿಯ ಊರು. ಬೊಂಬಾಯಿ ಕಡೆಯಿಂದ ಬಂದ ಜಿಐಪಿ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ಇಲ್ಲೇ. ಸಿಂಗಲ್ ಲೈನ್ ಇದ್ದ ಕಡೆ ಡ್ರೈವರ್ ಕೈಗೆ ಒಂದು ಟೋಕನ್ ಕೊಡ್ತಿದ್ರು. ಟೋಕನ್ ಇದ್ದವನ ಗಾಡಿ ಮಾತ್ರ ಹೊರಡಬೇಕು, ಉಳಿದವರು ನಿಲ್ದಾಣದಲ್ಲಿ ಕಾಯಬೇಕು. ಡಿಕ್ಕಿ ಆಗಲ್ಲ, ನಿಜ. ಆದ್ರೆ ನಾಲ್ಕು ಎಂಜಿನ್ ಇಟ್ಕೊಂಡು ಒಂದೇ ಟೋಕನ್ ಇದ್ರೆ ಮೂರು ಎಂಜಿನ್ ಸುಮ್ಮನೆ ಕಲ್ಲಿದ್ದಲು ಸುಡ್ತವೆ.

ಅದು ಬಯಲಾಗಿದ್ದು 1999ರ ಏಪ್ರಿಲ್‌ನಲ್ಲಿ, ಅದೂ ಎಲ್ಲರ ಮುಂದೆ. ಮೈಂಡ್‌ಕ್ರಾಫ್ಟ್ ಅನ್ನೋ ಕಂಪನಿ ಒಂದು ಪರೀಕ್ಷೆ ಮಾಡ್ತು. ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್ ಇದ್ದ ಡೆಲ್ ಸರ್ವರ್ ಮೇಲೆ ಲಿನಕ್ಸ್ ಮತ್ತು ವಿಂಡೋಸ್ ಎನ್‌ಟಿ ಎರಡನ್ನೂ ಓಡಿಸಿದ್ರು. ಫೈಲ್ ಸರ್ವರ್ ಆಗಿ ಎನ್‌ಟಿ 2.5 ಪಟ್ಟು ವೇಗ, ವೆಬ್ ಸರ್ವರ್ ಆಗಿ 3.7 ಪಟ್ಟು ವೇಗ ಅಂತ ಫಲಿತಾಂಶ. ಪರೀಕ್ಷೆಗೆ ದುಡ್ಡು ಕೊಟ್ಟಿದ್ದು ಮೈಕ್ರೋಸಾಫ್ಟ್ ಅಂತ ಗೊತ್ತಾದಾಗ ಲಿನಕ್ಸ್ ಮಂದಿ ಕೆರಳಿದ್ರು. ಮೋಸ, ಸೆಟ್ಟಿಂಗ್ ಸರಿ ಇಟ್ಟಿಲ್ಲ, ಅಂತೆಲ್ಲ ಆಯ್ತು. ಜೂನ್‌ನಲ್ಲಿ ಪಿಸಿ ವೀಕ್ ಪತ್ರಿಕೆಯ ಲ್ಯಾಬ್‌ನಲ್ಲಿ ಮತ್ತೆ ಪರೀಕ್ಷೆ ಆಯ್ತು. ಲಿನಕ್ಸ್ ಸ್ವಲ್ಪ ಸುಧಾರಿಸಿತ್ತು, ಆದ್ರೂ ಸೋತಿತು.

ನನಗೆ ಇಷ್ಟವಾಗೋದು ಆಮೇಲೆ ನಡೆದದ್ದು. ಬೈದು ಮುಗಿದ ಮೇಲೆ ಅವರು ಕೂತು ಕಾರಣ ಹುಡುಕಿದ್ರು. ನಾಲ್ಕು ಕಾರ್ಡ್‌ನಿಂದ ಪ್ಯಾಕೆಟ್ ಸುರೀತಾ ಇದ್ರೂ ನೆಟ್‌ವರ್ಕ್ ಕೋಡ್ ಒಂದು ಸಲಕ್ಕೆ ಒಂದೇ ಪ್ರೊಸೆಸರ್ ಮೇಲೆ ನಡೀತಿತ್ತು. ಅಲೆಕ್ಸಿ ಕುಜ್ನೆತ್ಸೋವ್, ಡೇವಿಡ್ ಮಿಲ್ಲರ್ ಅದನ್ನ ಬಿಚ್ಚಿ ಮತ್ತೆ ಕಟ್ಟಿದ್ರು. ದೊಡ್ಡ ಬೀಗ ತೆಗೆದು, ಪ್ರತಿ ಸಾಕೆಟ್‌ಗೆ, ಪ್ರತಿ ಪಟ್ಟಿಗೆ ತನ್ನದೇ ಸಣ್ಣ ಬೀಗ. 2001ರ ಜನವರಿಯಲ್ಲಿ ಲಿನಕ್ಸ್ 2.4 ಆಗಿ ಅದು ಜನರ ಕೈಗೆ ಬಂತು. ಶತ್ರು ದುಡ್ಡು ಕೊಟ್ಟು ಮಾಡಿಸಿದ ಆಡಿಟ್ ರಿಪೋರ್ಟ್‌ನಿಂದಲೂ ಲಾಭ ಆಗುತ್ತೆ. ಕಾಮರ್ಸ್ ಓದಿದವರು ಇದನ್ನ ಒಪ್ಕೋತೀರಿ.

ಆದ್ರೆ ಸಣ್ಣ ಬೀಗವೂ ಬೀಗವೇ. ದಾರಿ ಪಟ್ಟಿಯನ್ನೇ ತಗೊಳ್ಳಿ, ರೂಟ್ ಕ್ಯಾಶ್ ಅಂತಿದ್ರು. ಈ ವಿಳಾಸಕ್ಕೆ ಹೋಗೋಕೆ ಈ ದಾರಿ, ಅನ್ನೋ ನೆನಪಿನ ಪಟ್ಟಿ. ಪ್ರತಿ ಪ್ಯಾಕೆಟ್‌ಗೂ ಅದನ್ನ ಓದಬೇಕು. ಓದೋದು ಕ್ಷಣಕ್ಕೆ ಸಾವಿರಾರು ಸಲ, ಬದಲಾಗೋದು ಅಪರೂಪ. ಓದುವವರಿಗೆ ಒಟ್ಟಿಗೆ ಒಳಗೆ ಬಿಡೋ ಬೀಗ ಇತ್ತು. ಆದ್ರೆ ಎಷ್ಟು ಜನ ಓದ್ತಿದ್ದಾರೆ ಅಂತ ಲೆಕ್ಕ ಇಡಬೇಕಲ್ಲ? ಒಳಗೆ ಹೋಗುವಾಗ ಒಂದು ಸಹಿ, ಬರುವಾಗ ಒಂದು ಸಹಿ. ಪುಸ್ತಕ ಓದೋಕೆ ತಗೊಳ್ಳೋ ಹೊತ್ತಿಗಿಂತ ರಿಜಿಸ್ಟರ್ ಮುಂದೆ ನಿಲ್ಲೋ ಹೊತ್ತೇ ಜಾಸ್ತಿ.

ಇಲ್ಲಿ ಬೆಂಗಳೂರು ಬರುತ್ತೆ.

ಅಮೆರಿಕದಲ್ಲಿ ಸೀಕ್ವೆಂಟ್ ಅನ್ನೋ ಕಂಪನಿ ಇತ್ತು, ಹಲವು ಪ್ರೊಸೆಸರ್‌ಗಳ ದೊಡ್ಡ ಯಂತ್ರ ಮಾಡೋದು ಅದರ ಕೆಲಸ. ಅಲ್ಲಿ ಪಾಲ್ ಮೆಕೆನ್ನಿ ಮತ್ತು ಜಾಕ್ ಸ್ಲಿಂಗ್‌ವೈನ್ 1990ರ ದಶಕದಲ್ಲಿ ಓದುವವರಿಗೆ ಬೀಗವೇ ಬೇಡದ ಒಂದು ಉಪಾಯ ಮಾಡಿದ್ರು. 1999ರಲ್ಲಿ ಐಬಿಎಂ ಸೀಕ್ವೆಂಟ್ ಅನ್ನ ಕೊಂಡಿತು. ಆ ಉಪಾಯವನ್ನ ಲಿನಕ್ಸ್‌ಗೆ ತರೋ ಕೆಲಸದಲ್ಲಿ ಮೆಕೆನ್ನಿ ಜೊತೆ ಮುಂದೆ ನಿಂತವರು ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ. ದೀಪಂಕರ್ ಪ್ಯಾಚ್ ಕಳಿಸೋ ಪ್ರತಿ ಇಮೇಲ್‌ನ ಕೆಳಗೆ ಒಂದು ವಿಳಾಸ ಇರ್ತಿತ್ತು: ಲಿನಕ್ಸ್ ಟೆಕ್ನಾಲಜಿ ಸೆಂಟರ್, ಐಬಿಎಂ ಸಾಫ್ಟ್‌ವೇರ್ ಲ್ಯಾಬ್, ಬ್ಯಾಂಗಲೋರ್. ನಮ್ಮವರು ಅಂತ ಎದೆ ತಟ್ಕೊಳ್ಳೋಕೆ ಇದನ್ನ ಹೇಳ್ತಿಲ್ಲ. ಬೆಂಗಳೂರು ಅಂದ್ರೆ ಕಾಲ್ ಸೆಂಟರ್ ಮತ್ತು ಹೊರಗಿನವರ ಕೂಲಿ ಕೆಲಸ ಅಂತ ಪೇಪರ್‌ಗಳು ಬರೀತಿದ್ದ ಕಾಲ ಅದು. ಅದೇ ಊರಲ್ಲಿ ಜಗತ್ತಿನ ಕರ್ನಲ್‌ನ ಬುನಾದಿಯನ್ನ ಕೆಲವರು ತಿದ್ದುತ್ತಾ ಕೂತಿದ್ರು, ನಮಗ್ಯಾರಿಗೂ ಗೊತ್ತಿರಲಿಲ್ಲ.

ಆ ಉಪಾಯದ ಹೆಸರು ರೀಡ್-ಕಾಪಿ-ಅಪ್‌ಡೇಟ್, ಸಣ್ಣದಾಗಿ ಆರ್‌ಸಿಯು. ಸ್ವಲ್ಪ ನಿಧಾನಕ್ಕೆ ಕೇಳಿ, ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಅರ್ಥ ಆದಂಗೆ.

ನಮ್ಮ ಅಂಗಡಿಯ ಗೋಡೆ ಮೇಲೆ ಒಂದು ಮೊಳೆ, ಮೊಳೆಗೆ ಸಿಕ್ಕಿಸಿದ ರೇಟ್ ಪಟ್ಟಿ. ನಾನು, ಅಪ್ಪ, ಕೆಲಸದ ಹುಡುಗ ಮೂವರೂ ಅದನ್ನ ನೋಡಿ ಬಿಲ್ ಹಾಕ್ತೀವಿ. ಎಣ್ಣೆ ರೇಟ್ ಬದಲಾಯ್ತು. ಹಳೇ ಪದ್ಧತಿ ಅಂದ್ರೆ ಎಲ್ಲರೂ ನಿಲ್ಲಿ, ನಾನು ಹೊಡೆದು ತಿದ್ದುತೀನಿ ಅನ್ನೋದು. ಆರ್‌ಸಿಯು ಪದ್ಧತಿ ಬೇರೆ: ಪಕ್ಕದಲ್ಲಿ ಕೂತು ಹೊಸ ಹಾಳೆ ಪೂರ್ತಿ ಬರೀರಿ, ಹಳೇದನ್ನ ತೆಗೆದು ಹೊಸದನ್ನ ಮೊಳೆಗೆ ಹಾಕಿ. ಆ ಕ್ಷಣಕ್ಕೆ ಯಾರ ಕೈಯಲ್ಲಾದ್ರೂ ಹಳೇ ಹಾಳೆ ಇದ್ರೆ ಇರಲಿ, ಅವರು ಆ ಬಿಲ್ ಮುಗಿಸಿಕೊಳ್ಳಲಿ. ಮುಂದೆ ಮೊಳೆ ನೋಡೋರಿಗೆ ಹೊಸದೇ ಸಿಗುತ್ತೆ. ಯಾರೂ ಕಾಯಲಿಲ್ಲ, ಯಾರೂ ಸಹಿ ಹಾಕಲಿಲ್ಲ.

ಹಾಗಾದ್ರೆ ಹಳೇ ಹಾಳೆಯನ್ನ ರದ್ದಿಗೆ ಯಾವಾಗ ಹಾಕೋದು? ಕೈಯಲ್ಲಿ ಹಿಡಿದವನಿಂದ ಕಿತ್ಕೊಂಡ್ರೆ ಲೆಕ್ಕ ಕೆಡುತ್ತೆ. ಜಾಣತನ ಇರೋದು ಇಲ್ಲೇ. ಅಂಗಡಿಯಲ್ಲಿ ಒಂದೇ ನಿಯಮ: ಹಾಳೆ ಹಿಡ್ಕೊಂಡು ಚಹಾಕ್ಕೆ ಹೊರಗೆ ಹೋಗಬಾರದು. ಹೊಸ ಹಾಳೆ ಹಾಕಿದ ಮೇಲೆ ಮೂವರೂ ಒಂದೊಂದು ಸಲ ಹೊರಗೆ ಹೋಗಿ ಬಂದ್ರು ಅಂದ್ರೆ ಹಳೇ ಹಾಳೆ ಯಾರ ಹತ್ರವೂ ಇಲ್ಲ ಅನ್ನೋದು ಖಚಿತ. ಆಗ ರದ್ದಿ ಚೀಲ. ಕರ್ನಲ್‌ನಲ್ಲಿ ಚಹಾಕ್ಕೆ ಹೋಗೋದು ಅಂದ್ರೆ ಪ್ರೊಸೆಸರ್ ಒಂದು ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ತಿರುಗೋದು.

2001ರಲ್ಲಿ ಒಟ್ಟಾವಾದ ಲಿನಕ್ಸ್ ಸಮಾವೇಶದಲ್ಲಿ ಇದರ ಪ್ರಬಂಧ ಮಂಡನೆ ಆಯ್ತು. ಬರೆದವರ ಪಟ್ಟಿಯಲ್ಲಿ ಮೆಕೆನ್ನಿ ಜೊತೆ ದೀಪಂಕರ್, ಮನೀಶ್ ಹೆಸರೂ ಇವೆ. 2002ರ ಅಕ್ಟೋಬರ್‌ನಲ್ಲಿ 2.5.43ನೇ ಆವೃತ್ತಿಯೊಳಗೆ ಆರ್‌ಸಿಯು ಸೇರಿತು. ಬೆಂಗಳೂರಿನ ತಂಡ ದಾರಿ ಪಟ್ಟಿಗೂ ಇದನ್ನ ಅಳವಡಿಸಿತು, ಪ್ಯಾಕೆಟ್‌ಗಳು ಬೀಗ ಮುಟ್ಟದೆ ದಾರಿ ಓದೋಕೆ ಶುರು ಮಾಡಿದ್ವು. 2003ರಲ್ಲಿ ಎಸ್‌ಸಿಒ ಕಂಪನಿ ಐಬಿಎಂ ಮೇಲೆ ಕೇಸ್ ಹಾಕಿದಾಗ ಅದರ ತಕರಾರುಗಳಲ್ಲಿ ಈ ಆರ್‌ಸಿಯು ಹೆಸರೂ ಇತ್ತು. ಆ ಕೇಸಿನ ಕಥೆ ಇನ್ನೊಂದು ಎಪಿಸೋಡ್ ಆಗುವಷ್ಟಿದೆ, ಇವತ್ತು ಬೇಡ.

ಇಲ್ಲಿಗೆ ಎಲ್ಲ ಸುಖಾಂತ್ಯ ಅಂದ್ಕೊಂಡ್ರೆ, ಸ್ವೀಡನ್‌ನಿಂದ ರಾಬರ್ಟ್ ಓಲ್ಸನ್ ಅನ್ನೋವ್ರು ಕೆಟ್ಟ ಸುದ್ದಿ ತಂದ್ರು. ಅವರು ಉಪ್ಸಾಲಾದಲ್ಲಿ ಲಿನಕ್ಸ್ ಯಂತ್ರಗಳನ್ನೇ ರೌಟರ್ ಮಾಡಿ ಓಡಿಸ್ತಿದ್ದವರು. ಬೇಕಂತಲೇ ದಾಳಿ ಮಾಡಿ ನೋಡಿದ್ರು: ಪ್ರತಿ ಪ್ಯಾಕೆಟ್‌ಗೂ ಬೇರೆ ಬೇರೆ ವಿಳಾಸ, ಅದೂ ಭಾರಿ ವೇಗದಲ್ಲಿ. ಪ್ರತಿ ಹೊಸ ವಿಳಾಸಕ್ಕೆ ಹೊಸ ದಾರಿ ಚೀಟಿ, ಹಳೇದು ರದ್ದಿಗೆ. ಯಂತ್ರ ಮೆಮೊರಿ ಮುಗಿದು ನಿಂತೇ ಹೋಯ್ತು.

ಯಾಕೆ? ಮಾನ್ವಿಯಲ್ಲಿ ಸಂತೆ ದಿನ ನೆನಪು ಮಾಡ್ಕೊಳ್ಳಿ. ಗಿರಾಕಿ ತುಂಬಿದ್ದಾರೆ, ಮೂವರಲ್ಲಿ ಒಬ್ಬರೂ ಚಹಾಕ್ಕೆ ಹೋಗೋಕೆ ಪುರಸೊತ್ತಿಲ್ಲ. ಆದ್ರೆ ರೇಟ್ ನಿಮಿಷಕ್ಕೊಂದು ಸಲ ಬದಲಾಗ್ತಿದೆ. ಹಳೇ ಹಾಳೆ ರದ್ದಿಗೆ ಹಾಕೋ ಹಂಗಿಲ್ಲ, ಇನ್ನೂ ಯಾರೂ ಹೊರಗೆ ಹೋಗಿಲ್ಲವಲ್ಲ. ಹಾಳೆ ಗುಡ್ಡೆ ಬೀಳ್ತಾ ಬೀಳ್ತಾ ಅಂಗಡಿಯೇ ಮುಚ್ಚಿಹೋಯ್ತು. ಕರ್ನಲ್‌ನಲ್ಲೂ ಅದೇ ಆಗಿದ್ದು. ಪ್ಯಾಕೆಟ್ ಪ್ರವಾಹದಲ್ಲಿ ಕೆಲವು ಪ್ರೊಸೆಸರ್‌ಗಳು ನೆಟ್‌ವರ್ಕ್ ಕೆಲಸ ಬಿಟ್ಟು ಆಚೆ ಬರಲೇ ಇಲ್ಲ.

2004ರಲ್ಲಿ ದೀಪಂಕರ್ ಇದಕ್ಕೆ ಆರ್‌ಸಿಯುನ ಎರಡನೇ ಬಗೆಯನ್ನ ಮಾಡಿದ್ರು, ಹೆಸರು ಆರ್‌ಸಿಯು-ಬಿಎಚ್. ನಿಯಮ ಸ್ವಲ್ಪ ಬದಲು: ಚಹಾಕ್ಕೆ ಹೋಗೋವರೆಗೆ ಕಾಯೋದು ಬೇಡ, ಕೈಯಲ್ಲಿರೋ ಒಂದು ಕಟ್ಟು ಬಿಲ್ ಮುಗಿಸಿ ಹಾಳೆ ಕೆಳಗಿಟ್ಟರೆ ಸಾಕು, ಅದನ್ನೇ ಹೊರಗೆ ಹೋಗಿ ಬಂದಂಗೆ ಎಣಿಸಿ. ಸಂತೆ ಗದ್ದಲದಲ್ಲೂ ರದ್ದಿ ಚೀಲ ಖಾಲಿ ಆಗ್ತಾ ಇರುತ್ತೆ. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಈ ಭಾಗ. ಹೊಸದನ್ನ ಕಟ್ಟಿದವರೇ ಅದು ಎಲ್ಲಿ ಒಡೀತು ಅಂತ ತೋರಿಸಿದಾಗ ಬಂದು ರಿಪೇರಿ ಮಾಡಿದ್ರು.

ಇನ್ನೊಂದು ವಿಚಿತ್ರ. 2012ರಲ್ಲಿ 3.6ನೇ ಆವೃತ್ತಿಯಲ್ಲಿ ಡೇವಿಡ್ ಮಿಲ್ಲರ್ ಆ ದಾರಿ ಪಟ್ಟಿಯ ಕ್ಯಾಶನ್ನೇ ಪೂರ್ತಿ ಕಿತ್ತು ಹಾಕಿದ್ರು. ಹೊರಗಿನವರು ಕಳಿಸೋ ಪ್ಯಾಕೆಟ್‌ನಿಂದ ಉಬ್ಬೋ ಪಟ್ಟಿ ಇದ್ದರೆ ತಾನೇ ದಾಳಿ? ಆರ್‌ಸಿಯು-ಬಿಎಚ್ ಕೂಡ 2018ರ ಡಿಸೆಂಬರ್‌ನ 4.20ರಲ್ಲಿ ಮೂಲ ಆರ್‌ಸಿಯು ಒಳಗೇ ಕರಗಿತು. ವಿಧಾನ ಮಾತ್ರ ಉಳೀತು, ಇವತ್ತು ಕರ್ನಲ್‌ನ ಸಾವಿರಾರು ಕಡೆ ಅದೇ ಇದೆ. ಅಂದಹಾಗೆ, 1996ರ ಆ ದೊಡ್ಡ ಬೀಗ ಪೂರ್ತಿ ಹೋಗಿದ್ದು 2011ರ ಮೇ ತಿಂಗಳಲ್ಲಿ, 2.6.39ರಲ್ಲಿ, ಅರ್ನ್ಡ್ ಬರ್ಗ್‌ಮನ್ ಕೈಯಲ್ಲಿ. ಹದಿನೈದು ವರ್ಷ! ಕೊನೆಯವರೆಗೆ ಅದಕ್ಕೆ ಜೋತು ಬಿದ್ದಿದ್ದ ಕೋಡ್‌ನಲ್ಲಿ ಆಪಲ್‌ಟಾಕ್, ಐಪಿಎಕ್ಸ್, ಎಕ್ಸ್.25 ಥರದ ಮುದಿ ಪ್ರೋಟೋಕಾಲ್‌ಗಳಿದ್ವು. ಎಕ್ಸ್.25 ಅಂದ್ರೆ ನಮ್ಮ ದೂರಸಂಪರ್ಕ ಇಲಾಖೆಯ ಹಳೇ ಐನೆಟ್ ಜಾಲ ನಡೀತಿದ್ದ ಪ್ರೋಟೋಕಾಲ್. ಯಾರೂ ವಾಸ ಇಲ್ಲದ ಮನೆಯ ಬೀಗ ತೆಗೆಯೋದೇ ಕಷ್ಟ, ಕೀಲಿ ಯಾರ ಹತ್ರ ಇದೆ ಅಂತ ಗೊತ್ತಿರಲ್ಲ.

ಈಗ 2024ಕ್ಕೆ, ಅಪ್ಪನ ಫೋನ್‌ಗೆ ಬರೋಣ.

ಆ ದೋಷದ ನಂಬರ್ ಸಿವಿಇ-2024-36971. ಪತ್ತೆ ಹಚ್ಚಿದ್ದು ಗೂಗಲ್‌ನ ಕ್ಲೆಮೆಂಟ್ ಲೆಸಿನ್, ಸರಿ ಮಾಡಿದ್ದು ಎರಿಕ್ ಡ್ಯುಮಾಜೆ. ಪ್ರತಿ ಸಾಕೆಟ್ ತಾನು ಬಳಸಿದ ದಾರಿಯ ಚೀಟಿಯನ್ನ ಹತ್ತಿರ ಇಟ್ಕೊಂಡಿರುತ್ತೆ. ಆ ದಾರಿ ಕೆಟ್ಟಿದೆ ಅನಿಸಿದ್ರೆ ಚೀಟಿ ಬಿಸಾಡುತ್ತೆ. ಆರ್‌ಸಿಯು ನಿಯಮ ಏನು ಹೇಳುತ್ತೆ? ಮೊದಲು ಮೊಳೆಯಿಂದ ತೆಗಿ, ಆಮೇಲೆ ರದ್ದಿಗೆ ಹಾಕು. ಆ ಕೋಡ್‌ನಲ್ಲಿ ಈ ಕ್ರಮ ತಿರುಗುಮುರುಗು ಆಗಿತ್ತು. ರದ್ದಿಗೆ ಲೆಕ್ಕ ಬರೆದಾಗಿದೆ, ಹಾಳೆ ಇನ್ನೂ ಮೊಳೆ ಮೇಲಿದೆ. ಆ ಕಣ್ಣೆವೆ ಮುಚ್ಚುವಷ್ಟು ಹೊತ್ತಲ್ಲಿ ಇನ್ನೊಬ್ಬ ಬಂದು ಮೊಳೆಯಿಂದ ಅದನ್ನೇ ಎತ್ಕೊಂಡ್ರೆ? ರದ್ದಿ ಅಂತ ಆಗಲೇ ಬೇರೆಯವನ ಕೈ ಸೇರಿದ ಆ ಹಾಳೆ ಮೇಲೆ ಅವನು ತನ್ನ ರೇಟ್ ಬರೆದಿಟ್ಟಿದ್ರೆ? ನಾವು ಅದನ್ನೇ ನಂಬಿ ಬಿಲ್ ಹಾಕ್ತೀವಿ. ಕರ್ನಲ್ ಮಟ್ಟದಲ್ಲಿ ಹಾಗಾದ್ರೆ ಫೋನ್ ಹಿಡಿತವೇ ಕೈತಪ್ಪಬಹುದು. ಇದು ಹಳೇ ತಪ್ಪು, ನಂತರದ ಒಂದು ಬದಲಾವಣೆಯಿಂದ ಯುಡಿಪಿ ಸಾಕೆಟ್‌ಗಳಲ್ಲಿ ಎದ್ದು ಕಾಣಿಸ್ತು. ಸರಿ ಮಾಡೋಕೆ ಮಾಡಿದ್ದೇನು? ಮುಖ್ಯವಾಗಿ ಕ್ರಮ ಸರಿಪಡಿಸಿದ್ದು. ಮೊದಲು ಮೊಳೆ, ಆಮೇಲೆ ರದ್ದಿ.

2024ರ ಆಗಸ್ಟ್ 5ರ ಆಂಡ್ರಾಯ್ಡ್ ಭದ್ರತಾ ಮಟ್ಟದಲ್ಲಿ ಈ ಪ್ಯಾಚ್ ಇದೆ. ನಿಮ್ಮ ಫೋನ್‌ನ ತಾರೀಖು ಅದೇ ದಿನದ್ದೋ ಅದಕ್ಕಿಂತ ಈಚಿನದ್ದೋ ಆದ್ರೆ ಈ ಒಂದು ತೂತು ಮುಚ್ಚಿದೆ.

ಹಿಂದಿನದ್ದಾದ್ರೆ? ಇಲ್ಲಿ ನನಗೆ ತುಂಗಭದ್ರಾ ಎಡದಂಡೆ ಕಾಲುವೆ ನೆನಪಾಗುತ್ತೆ. ಮಾನ್ವಿ, ರಾಯಚೂರು ಕಡೆಯ ರೈತರಿಗೆ ಟೇಲ್ ಎಂಡ್ ಅನ್ನೋ ಶಬ್ದ ಯಾರೂ ಕಲಿಸಬೇಕಿಲ್ಲ. ಡ್ಯಾಂನಲ್ಲಿ ನೀರು ಬಿಟ್ಟಿರ್ತಾರೆ, ಮೇಲಿನವರ ಗದ್ದೆ ತುಂಬಿರುತ್ತೆ, ನಮ್ಮ ತೂಬಿಗೆ ಬರೋ ಹೊತ್ತಿಗೆ ಕೆಸರು. ಪ್ಯಾಚ್ ಕೂಡ ಹಾಗೇ ಹರಿಯೋದು. ಡ್ಯುಮಾಜೆ ಬರೆದಿದ್ದು ಮೂಲ ಕರ್ನಲ್‌ಗೆ ಹೋಗುತ್ತೆ, ಅಲ್ಲಿಂದ ಹಳೇ ಆವೃತ್ತಿಗಳಿಗೆ, ಅಲ್ಲಿಂದ ಗೂಗಲ್‌ಗೆ, ಚಿಪ್ ಮಾಡೋರಿಗೆ, ಫೋನ್ ಕಂಪನಿಗೆ, ಕೊನೆಗೆ ನಿಮಗೆ. ಅಗ್ಗದ ಫೋನ್‌ಗೆ ಎರಡು-ಮೂರು ವರ್ಷ ಆದ್ಮೇಲೆ ತೂಬೇ ಮುಚ್ಚಿರುತ್ತೆ. ಫೋನ್ ಕೊಂಡ ಅಂಗಡಿಯಲ್ಲಿ ಕೇಳಿದೆ. ಅವರು "ಅಪ್‌ಡೇಟ್ ಬರಲ್ಲ ಸರ್, ಹೊಸದು ತಗೊಳ್ಳಿ, ಎಕ್ಸ್‌ಚೇಂಜ್ ಇದೆ" ಅಂದ್ರು. ಅಂಗಡಿಯವರದ್ದೇನೂ ತಪ್ಪಿಲ್ಲ. ಆದ್ರೆ ಡಬ್ಬಿ ಮೇಲೆ ಎಂಟು ಕೋರ್ ಅಂತ ದೊಡ್ಡದಾಗಿ ಬರೆಯೋರು ಎಷ್ಟು ವರ್ಷ ಪ್ಯಾಚ್ ಕೊಡ್ತೀವಿ ಅನ್ನೋದನ್ನೂ ಅಷ್ಟೇ ದೊಡ್ಡದಾಗಿ ಬರೀಬೇಕು ಅಂತ ನನ್ನ ವಾದ. ಎಕ್ಸ್‌ಪೈರಿ ಡೇಟ್ ಇಲ್ಲದ ಬಿಸ್ಕತ್ ಪ್ಯಾಕೆಟ್ ನಮ್ಮ ಅಪ್ಪ ಅಂಗಡಿಯಲ್ಲಿ ಇಡಲ್ಲ.

ಹೆದರಿಸ್ತಿಲ್ಲ. ಗುರಿಯಿಟ್ಟು ಮಾಡೋ ದಾಳಿ ಅಂದಿದ್ದಾರೆ, ಮಾನ್ವಿಯ ಕಿರಾಣಿ ಅಂಗಡಿ ಯಾರ ಗುರಿಯೂ ಅಲ್ಲ ಅಂತ ನನಗೂ ಅನಿಸುತ್ತೆ. ಆದ್ರೆ ಆ ಫೋನ್‌ನಲ್ಲಿ ಇರೋದು ದಿನದ ವ್ಯಾಪಾರದ ಅಷ್ಟೂ ಯುಪಿಐ.

ದೇವದುರ್ಗದ ಸೋದರಮಾವನ ಫೋನ್ ನೋಡೋಕೆ ಹೋದ ವಾರ ಗಬ್ಬೂರು ದಾಟಿ ಹೋಗಿದ್ದೆ. ಅದು ಅಪ್ಪನ ಫೋನ್‌ಗಿಂತ ಹೊಸದು. ಅಪ್‌ಡೇಟ್ ಬಂದು ತಿಂಗಳುಗಟ್ಟಲೆ ಕಾಯ್ತಿತ್ತು, ಮಾವ ಪ್ರತಿ ಸಲ 'ನಂತರ' ಅಂತ ಒತ್ತಿ ಬಿಡ್ತಿದ್ರಂತೆ. "ಅದು ಒತ್ತಿದ್ರ ಫೋಟೋ ಎಲ್ಲಾ ಹೋಗ್ತಾವಂತ ಯಾರೋ ಅಂದಿದ್ರಪಾ" ಅಂದ್ರು. ವೈಫೈ ಇರಲಿಲ್ಲ, ನನ್ನ ಫೋನ್‌ನಿಂದ ಹಾಟ್‌ಸ್ಪಾಟ್ ಕೊಟ್ಟು ಕೂತೆ. ಅತ್ತೆ ಒಗ್ಗರಣೆ ಮಂಡಕ್ಕಿ ಮಿರ್ಚಿ ತಂದಿಟ್ರು. ನಲವತ್ತು ನಿಮಿಷ ಆಯ್ತು. ಫೋಟೋ ಎಲ್ಲ ಇದ್ದಲ್ಲೇ ಇದ್ವು.

ಅಪ್ಪನ ಫೋನ್‌ಗೆ ಏನೂ ಬರಲಿಲ್ಲ, ಬರೋದೂ ಇಲ್ಲ. ಅಂಗಡಿಯ ಯುಪಿಐ ಈಗ ತಮ್ಮನ ಫೋನ್‌ನಲ್ಲಿದೆ. ಹಳೇ ಫೋನ್‌ನಲ್ಲಿ ಅಪ್ಪ ಕಾಲ್ ಮಾಡ್ತಾರೆ, ಕ್ರಿಕೆಟ್ ಸ್ಕೋರ್ ನೋಡ್ತಾರೆ, ಈ ಎಪಿಸೋಡ್ ಕೂಡ ಅದರಲ್ಲೇ ಕೇಳ್ತಾರೆ. ನಿಮ್ಮ ಫೋನ್‌ನ ಆ ತಾರೀಖು ನನಗೆ ಬರೆದು ಕಳಿಸಿ, ಊರಿನ ಹೆಸರು ಸೇರಿಸಿ. ಮಾನ್ವಿಯದ್ದು ಒಂದು, ದೇವದುರ್ಗದ್ದು ಒಂದು ಆಗಲೇ ಬರ್ಕೊಂಡಿದ್ದೀನಿ.